ಎರಡು ಕಾಲ್ಚೆಂಡು, ಎರಡು ಅಂತಿಮ ಪಂದ್ಯ

ಹಬ್ಬಗಳಲ್ಲಿ ಎರಡು ಬಗೆ. ಪಂಚಾಂಗ ನೋಡಿ ಆಚರಿಸುವವು ಒಂದು ಬಗೆಯಾದರೆ, ಜನರೇ ಕೂಡಿ ಹುಟ್ಟಿಸಿಕೊಂಡವು ಇನ್ನೊಂದು ಬಗೆ. ಅಮೆರಿಕದ ‘ಸೂಪರ್ ಬೌಲ್’ ಈ ಎರಡನೆಯ ಜಾತಿಗೆ ಸೇರಿದ್ದು. ಅದು ದೇವರ ಹಬ್ಬವಲ್ಲ, ಸುಗ್ಗಿಯ ಹಬ್ಬವಲ್ಲ, ಸ್ವಾತಂತ್ರ್ಯದ ದಿನವೂ ಅಲ್ಲ. ಒಂದು ಆಟದ ಅಂತಿಮ ಪಂದ್ಯ, ಅಷ್ಟೇ. ಆದರೂ ಫೆಬ್ರುವರಿ ತಿಂಗಳ ಆ ಭಾನುವಾರ ಅಲ್ಲಿನ ಮನೆಮನೆಗಳಲ್ಲಿ ನೆಂಟರಿಷ್ಟರು ನೆರೆಯುತ್ತಾರೆ. ತಿಂಡಿತಿನಿಸಿನ ಮಟ್ಟಿಗೆ ಥ್ಯಾಂಕ್ಸ್‌ಗಿವಿಂಗ್ ಹಬ್ಬವನ್ನು ಬಿಟ್ಟರೆ ಇದೇ ದೊಡ್ಡ ದಿನವೆಂದು ಹೇಳುತ್ತಾರೆ. ನಮ್ಮ ಚಿಕಲಠಾಣಾದ ಕನ್ನಡ ಮನೆಗಳಲ್ಲಿಯೂ, ಮಗನೋ ಮಗಳೋ ಆ ದೇಶದಲ್ಲಿರುವವರಿಗೆ ಈ ಹೆಸರು ಹೊಸದಲ್ಲ. ನ್ಯೂಯಾರ್ಕಿನ ಭಾನುವಾರ ಸಂಜೆ ಆರೂವರೆಯೆಂದರೆ ನಮಗೆ ಸೋಮವಾರ ಬೆಳಗಿನ ಐದು ಗಂಟೆ. ಇಲ್ಲಿ ಹಾಲಿನವನು ಬರುವ ಹೊತ್ತಿಗೆ ಅಲ್ಲಿ ಪಂದ್ಯ ಮೊದಲಾಗಿರುತ್ತದೆ.

2023ನೆಯ ಇಸವಿಯಲ್ಲಿ ಒಂದು ಕಾಕತಾಳೀಯ ನಡೆಯಿತು. ಫೆಬ್ರುವರಿ 12ರಂದು ಅರಿಜೋನಾ ರಾಜ್ಯದ ಗ್ಲೆಂಡೇಲ್‌ನಲ್ಲಿ ಕ್ಯಾನ್ಸಾಸ್ ಸಿಟಿ ಚೀಫ್ಸ್ ತಂಡವು ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನು 38-35 ಅಂಕಗಳಿಂದ ಸೋಲಿಸಿ ಸೂಪರ್ ಬೌಲ್ ಗೆದ್ದಿತು. ಸರಿಯಾಗಿ ಇಪ್ಪತ್ತು ದಿನಗಳ ನಂತರ, ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಇನ್ನೊಂದು ಅಂತಿಮ ಪಂದ್ಯ ನಡೆಯಿತು. ಅದು ಭಾರತದ ರಾಷ್ಟ್ರೀಯ ಕಾಲ್ಚೆಂಡಾಟದ ಚಾಂಪಿಯನ್‌ಶಿಪ್ಪಾದ ಸಂತೋಷ್ ಟ್ರೋಫಿಯ ಪಂದ್ಯ. ಅಲ್ಲಿ ಮೇಘಾಲಯವನ್ನು 3-2 ಗೋಲುಗಳಿಂದ ಸೋಲಿಸಿ ವಿಜಯಿಯಾದದ್ದು ನಮ್ಮ ಕರ್ನಾಟಕ. ಐವತ್ತನಾಲ್ಕು ವರ್ಷಗಳ ನಂತರ ಬಂದ ವಿಜಯವಿದು. ಆದರೆ ಮೊದಲ ಪಂದ್ಯದ ಸುದ್ದಿ ಅಮೆರಿಕದಿಂದ ಇಲ್ಲಿಯ ಜಾಲನಾ ರಸ್ತೆಯ ಚಹದಂಗಡಿಯವರೆಗೆ ಬಂತು. ಎರಡನೆಯದು ಪತ್ರಿಕೆಗಳ ಆಟದ ಪುಟದಲ್ಲಿ ಒಂದು ದಿನ ಕಾಣಿಸಿಕೊಂಡು ಮರೆಯಾಯಿತು.

ಇದೇಕೆ ಹೀಗೆ ಎಂಬ ಪ್ರಶ್ನೆಯನ್ನು ಈ ಲೇಖನದಲ್ಲಿ ಸ್ವಲ್ಪ ವಿಚಾರಿಸಲಿದ್ದೇವೆ. ‘ಅವರಲ್ಲಿ ಹಣವಿದೆ, ನಮ್ಮಲ್ಲಿ ಇಲ್ಲ’ ಎಂದು ಉತ್ತರ ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಇತಿಹಾಸವನ್ನು ನೋಡಿದರೆ ಉತ್ತರ ಅಷ್ಟು ಸರಳವಲ್ಲ. ವಯಸ್ಸಿನಲ್ಲಿ ನಮ್ಮ ಪಂದ್ಯಾವಳಿಯೇ ಹಿರಿಯದು. ಸಂತೋಷ್ ಟ್ರೋಫಿ ಪ್ರಾರಂಭವಾದದ್ದು 1941ರಲ್ಲಿ. ಮೊದಲ ಸೂಪರ್ ಬೌಲ್ ನಡೆದದ್ದು 1967ರಲ್ಲಿ.

ಖಾಲಿ ಕುರ್ಚಿಗಳ ನಡುವೆ ಹುಟ್ಟಿದ ಹಬ್ಬ

ಮೊದಲಿಗೆ ಅಮೆರಿಕದ ಆಟವನ್ನು ತಿಳಿದುಕೊಳ್ಳೋಣ. ಅವರು ‘ಫುಟ್‌ಬಾಲ್’ ಎನ್ನುವುದು ನಮ್ಮ ಕಾಲ್ಚೆಂಡಲ್ಲ. ಚೆಂಡು ಗುಂಡಗಿರದೆ ಎರಡೂ ತುದಿ ಚೂಪಾಗಿರುತ್ತದೆ. ಕಾಲಿಗಿಂತ ಕೈಯ ಬಳಕೆಯೇ ಹೆಚ್ಚು. ಒಂದೊಂದು ಕಡೆ ಹನ್ನೊಂದು ಜನ. ನೂರು ಗಜದ ಮೈದಾನದಲ್ಲಿ ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನಗಳ ಅವಕಾಶವಿರುತ್ತದೆ. ಅಷ್ಟರಲ್ಲಿ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ಕಬಡ್ಡಿಯಲ್ಲಿ ಎದುರಾಳಿಯ ಅಂಕಣ ಹೊಕ್ಕವನನ್ನು ಹಿಡಿದು ಕೆಡವುವಂತೆ ಇಲ್ಲಿಯೂ ಚೆಂಡು ಹಿಡಿದವನನ್ನು ಕೆಡವುತ್ತಾರೆ. ನೆಲವನ್ನು ಗಜಗಜವಾಗಿ ಗೆಲ್ಲುವ ಆಟವಿದು. ಕೊನೆಯ ಗೆರೆ ದಾಟಿದರೆ ಆರು ಅಂಕ.

1960ರ ವೇಳೆಗೆ ಅಲ್ಲಿ ಈ ಆಟದ ವೃತ್ತಿಪರ ಸಂಘಗಳು ಎರಡಾಗಿದ್ದವು. ಹಳೆಯದು ನ್ಯಾಷನಲ್ ಲೀಗ್, ಹೊಸದು ಅಮೆರಿಕನ್ ಲೀಗ್. ಆಟಗಾರರನ್ನು ಸೆಳೆದುಕೊಳ್ಳುವ ಪೈಪೋಟಿಯಲ್ಲಿ ಎರಡೂ ಕಡೆ ಹಣ ನೀರಿನಂತೆ ಖರ್ಚಾಗತೊಡಗಿತು. ಕೊನೆಗೆ 1966ರ ಜೂನ್ 8ರಂದು ಎರಡೂ ಸಂಘಗಳು ಒಂದಾಗುವುದೆಂದೂ, ಅಲ್ಲಿಯವರೆಗೆ ಎರಡರ ವಿಜೇತರು ವರ್ಷಕ್ಕೊಮ್ಮೆ ಸೆಣಸುವುದೆಂದೂ ಒಪ್ಪಂದವಾಯಿತು. ಹೊಸ ಲೀಗಿನ ಸ್ಥಾಪಕ ಲಾಮಾರ್ ಹಂಟ್ ಎಂಬವರು ತಮ್ಮ ಮಕ್ಕಳು ಆಡುತ್ತಿದ್ದ ‘ಸೂಪರ್ ಬಾಲ್’ ಎಂಬ ರಬ್ಬರ್ ಚೆಂಡಿನ ನೆನಪಿನಿಂದ ‘ಸೂಪರ್ ಬೌಲ್’ ಎಂಬ ಮಾತನ್ನು ಬಳಸಿದರಂತೆ. ಬಟ್ಟಲಿನಾಕಾರದ ಕ್ರೀಡಾಂಗಣಗಳಿಗೂ ಅಲ್ಲಿ ನಡೆಯುವ ಪಂದ್ಯಗಳಿಗೂ ಅಲ್ಲಿ ಮೊದಲಿನಿಂದ ‘ಬೌಲ್’ ಎಂಬ ಹೆಸರಿತ್ತು. ಹಿರಿಯರಿಗೆ ರುಚಿಸದ ಈ ಆಟಿಕೆಯ ಹೆಸರೇ ಜನರ ಬಾಯಲ್ಲಿ ನಿಂತಿತು.

ಮೊದಲ ಪಂದ್ಯ ನಡೆದದ್ದು 1967ರ ಜನವರಿ 15ರಂದು, ಲಾಸ್ ಏಂಜಲೀಸ್‌ನಲ್ಲಿ. ಗ್ರೀನ್ ಬೇ ಪ್ಯಾಕರ್ಸ್ ತಂಡವು ಕ್ಯಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 35-10ರಿಂದ ಸೋಲಿಸಿತು. ಬಂದ ಪ್ರೇಕ್ಷಕರು 61,946 ಮಂದಿ. ಸಂಖ್ಯೆ ದೊಡ್ಡದೆನಿಸಬಹುದು, ಆದರೆ ಆ ವಿಶಾಲ ಕ್ರೀಡಾಂಗಣದ ಸುಮಾರು ಮೂರನೆಯ ಒಂದು ಭಾಗ ಖಾಲಿಯಾಗಿತ್ತು. ಅತಿ ದುಬಾರಿ ಟಿಕೇಟಿನ ಬೆಲೆ 12 ಡಾಲರ್. ಅದೂ ಹೆಚ್ಚಾಯಿತೆಂದು ಜನ ಗೊಣಗಿದರು. ಪಂದ್ಯವನ್ನು ಸಿ.ಬಿ.ಎಸ್. ಮತ್ತು ಎನ್.ಬಿ.ಸಿ. ಎಂಬ ಎರಡು ದೂರದರ್ಶನ ಸಂಸ್ಥೆಗಳು ಏಕಕಾಲಕ್ಕೆ ಪ್ರಸಾರ ಮಾಡಿದವು. ವಿರಾಮದ ನಂತರ ಎನ್.ಬಿ.ಸಿ.ಯವರು ಇನ್ನೂ ಮೈದಾನಕ್ಕೆ ಮರಳಿರಲಿಲ್ಲವೆಂಬ ಕಾರಣಕ್ಕೆ, ಆಗಲೇ ಒದ್ದಾಗಿದ್ದ ಚೆಂಡನ್ನು ತಂದು ಮತ್ತೊಮ್ಮೆ ಒದೆಸಿದ ಪ್ರಸಂಗವೂ ನಡೆಯಿತು! ದೂರದರ್ಶನದ ಮುಂದೆ ಆಟವೇ ಕಾದು ನಿಲ್ಲುವ ಕಾಲ ಬಂದಿತೆಂಬುದಕ್ಕೆ ಇದು ಸೂಚನೆಯಾಗಿತ್ತು.

ಇದಕ್ಕಿಂತಲೂ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಎರಡು ಸಂಸ್ಥೆಗಳೂ ಆ ಪಂದ್ಯದ ಟೇಪುಗಳನ್ನು ಉಳಿಸಲಿಲ್ಲ. ಟೇಪು ದುಬಾರಿಯಾದ ಕಾಲ, ಅಳಿಸಿ ಬೇರೆ ಕಾರ್ಯಕ್ರಮಗಳಿಗೆ ಬಳಸಿಬಿಟ್ಟರು. ಇಂದು ಕೋಟಿಗಟ್ಟಲೆ ಜನ ನೋಡುವ ಹಬ್ಬದ ಮೊದಲ ವರ್ಷದ ದಾಖಲೆ ಹೀಗೆ ಅಳಿಸಿಹೋಯಿತು. ಅಂದಮೇಲೆ ಆರಂಭದಲ್ಲಿ ಅವರೂ ತಮ್ಮ ಪಂದ್ಯದ ಬೆಲೆಯನ್ನು ಅರಿತಿರಲಿಲ್ಲವೆಂದಾಯಿತು.

ಕಥೆ ಕಟ್ಟಿದವರು

ಹಾಗಾದರೆ ಖಾಲಿ ಕುರ್ಚಿಗಳ ಪಂದ್ಯವು ಹಬ್ಬವಾದದ್ದು ಹೇಗೆ? ಮೊದಲನೆಯದಾಗಿ, ಹೇಳಲು ಒಂದು ಕಥೆ ಸಿಕ್ಕಿತು. ಹಳೆಯ ಲೀಗಿನ ತಂಡಗಳು ಮೊದಲೆರಡು ವರ್ಷ ಸುಲಭವಾಗಿ ಗೆದ್ದುದರಿಂದ, ಹೊಸ ಲೀಗಿನವರು ಸಮಕ್ಕೆ ಬರಲಾರರೆಂದು ಎಲ್ಲರೂ ನಂಬಿದ್ದರು. 1969ರ ಜನವರಿಯಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಯುವಕ ಜೋ ನೇಮತ್, ಗೆಲ್ಲುವವರು ತಾವೇ ಎಂದು ಪಂದ್ಯಕ್ಕೆ ಮೂರು ದಿನ ಮುಂಚೆ ಬಹಿರಂಗವಾಗಿ ಖಾತರಿ ಕೊಟ್ಟನು. ಜನ ನಕ್ಕರು. ಬಲಿಷ್ಠರಾದ ಬಾಲ್ಟಿಮೋರ್ ಕೋಲ್ಟ್ಸ್ ಎದುರು ಜೆಟ್ಸ್ 16-7ರಿಂದ ಗೆದ್ದೇಬಿಟ್ಟಿತು. ಅಂದಿನಿಂದ ಪ್ರತಿ ಮನೆಯಲ್ಲಿ ಹೇಳಿಕೊಳ್ಳಲು ಒಂದು ಪ್ರಸಂಗವಾಯಿತು.

ಎರಡನೆಯದಾಗಿ, ಕಥೆಯನ್ನು ಕಾಪಿಟ್ಟವರು ಇದ್ದರು. ಎಡ್ ಸೇಬಲ್ ಎಂಬ ಕೋಟು ವ್ಯಾಪಾರಕ್ಕೆ ಸೇರಿದ ಒಬ್ಬ ಗೃಹಸ್ಥರಿಗೆ ಮದುವೆಯ ಉಡುಗೊರೆಯಾಗಿ ಒಂದು ಚಲನಚಿತ್ರದ ಕ್ಯಾಮೆರಾ ಬಂದಿತ್ತು. ಅದರಿಂದ ತಮ್ಮ ಮಗನ ಶಾಲಾ ಪಂದ್ಯಗಳನ್ನು ಚಿತ್ರಿಸುತ್ತಾ ಪಳಗಿದ ಅವರು, 1962ರ ನ್ಯಾಷನಲ್ ಲೀಗ್ ಅಂತಿಮ ಪಂದ್ಯವನ್ನು ಚಿತ್ರಿಸುವ ಹಕ್ಕನ್ನು 3,000 ಡಾಲರಿಗೆ ಕೊಂಡರು. ಮುಂದೆ ಅವರ ಕಂಪನಿಯೇ ‘ಎನ್.ಎಫ್.ಎಲ್. ಫಿಲ್ಮ್ಸ್’ ಆಯಿತು. ಆಟವನ್ನು ನಿಧಾನಗತಿಯಲ್ಲಿ, ಸಂಗೀತ ಸೇರಿಸಿ, ಗಂಭೀರ ಧ್ವನಿಯ ವಿವರಣೆಯೊಂದಿಗೆ ತೋರಿಸುವುದನ್ನು ಜನಕ್ಕೆ ರೂಢಿ ಮಾಡಿಸಿದವರು ಇವರೇ. ಮೊದಲ ಪಂದ್ಯದ ದೂರದರ್ಶನ ಟೇಪು ಅಳಿಸಿಹೋದರೂ, ಇವರ ಸಂಗ್ರಹದ ಚೂರುಗಳನ್ನು ಜೋಡಿಸಿ ಆ ಪಂದ್ಯದ 145 ಯತ್ನಗಳನ್ನೂ 2016ರ ಜನವರಿಯಲ್ಲಿ ಮತ್ತೆ ತೋರಿಸಲು ಸಾಧ್ಯವಾಯಿತು. ನಲವತ್ತೊಂಬತ್ತು ವರ್ಷದ ನಂತರ!

ಹಣ ಬಂದದ್ದು ಇವೆಲ್ಲದರ ಹಿಂದೆಯೇ. 1967ರಲ್ಲಿ ಅರ್ಧ ನಿಮಿಷದ ಜಾಹೀರಾತಿಗೆ ಸುಮಾರು 40,000 ಡಾಲರ್ ಇದ್ದದ್ದು 2025ಕ್ಕೆ 80 ಲಕ್ಷ ಡಾಲರಿನ ಆಸುಪಾಸಿಗೆ ಏರಿತು. 1984ರ ಪಂದ್ಯದ ನಡುವೆ ಆ್ಯಪಲ್ ಕಂಪನಿಯ ಗಣಕಯಂತ್ರದ ಜಾಹೀರಾತು ಬಂದ ಮೇಲೆ ಜಾಹೀರಾತು ನೋಡಲೆಂದೇ ಕೂಡುವವರಾದರು. 1993ರಲ್ಲಿ ಮೈಕೇಲ್ ಜಾಕ್ಸನ್ ವಿರಾಮದ ವೇಳೆ ಹಾಡಿ ಕುಣಿದ ಮೇಲೆ ವಿರಾಮವೇ ಒಂದು ಪ್ರತ್ಯೇಕ ಆಕರ್ಷಣೆಯಾಯಿತು. 2025ರ ಪಂದ್ಯವನ್ನು ಅಮೆರಿಕದಲ್ಲಿ ನೋಡಿದವರು ಸರಾಸರಿ 12 ಕೋಟಿ 77 ಲಕ್ಷ ಮಂದಿ.

ಈ ವೈಭವಕ್ಕೆ ಇನ್ನೊಂದು ಮುಖವೂ ಇದೆ. ಪಿಟ್ಸ್‌ಬರ್ಗ್ ತಂಡದಲ್ಲಿದ್ದು ನಾಲ್ಕು ಸೂಪರ್ ಬೌಲ್ ಗೆದ್ದ ಮೈಕ್ ವೆಬ್‌ಸ್ಟರ್ 2002ರಲ್ಲಿ, ಐವತ್ತನೆಯ ವಯಸ್ಸಿಗೇ, ಬುದ್ಧಿ ಕದಡಿದ ಸ್ಥಿತಿಯಲ್ಲಿ ತೀರಿಕೊಂಡರು. ಅವರ ಮಿದುಳನ್ನು ಪರೀಕ್ಷಿಸಿ, ಮತ್ತೆ ಮತ್ತೆ ಬಿದ್ದ ಪೆಟ್ಟುಗಳ ಹಾನಿಯನ್ನು ಗುರುತಿಸಿದವರು ಬೆನೆಟ್ ಒಮಾಲು ಎಂಬ ವೈದ್ಯರು. ನೈಜೀರಿಯದಿಂದ ವಲಸೆ ಬಂದವರು. ಹಬ್ಬದ ಕಥೆ ಹೇಳುವವರು ಇದನ್ನು ಬಹುಕಾಲ ಹೇಳಲಿಲ್ಲ. ಕಥೆ ಕಟ್ಟುವುದರಲ್ಲಿ ಏನನ್ನು ಬಿಡುತ್ತಾರೆ ಎಂಬುದನ್ನೂ ಗಮನಿಸಬೇಕು.

ಇಷ್ಟಾದರೂ ಒಂದು ಗುಣವನ್ನು ಮೆಚ್ಚಬೇಕು. ಮೊದಲ ಪಂದ್ಯ ಗೆದ್ದ ಗ್ರೀನ್ ಬೇ, ಸುಮಾರು ಒಂದು ಲಕ್ಷ ಜನಸಂಖ್ಯೆಯ ಚಿಕ್ಕ ಊರು. ಅಲ್ಲಿಯ ತಂಡ ಯಾವ ಶ್ರೀಮಂತನ ಸ್ವತ್ತೂ ಅಲ್ಲ, ಷೇರು ಕೊಂಡ ಸಾಮಾನ್ಯ ಜನರದು. ಆಟಗಾರರು ಯಾವ ಯಾವುದೋ ಊರಿನವರು. ತಂಡ ಮಾತ್ರ ಊರಿನದು. ಆ ತಂಡದ ತರಬೇತುದಾರ ವಿನ್ಸ್ ಲೊಂಬಾರ್ಡಿ 1970ರಲ್ಲಿ ತೀರಿಕೊಂಡಾಗ ವಿಜೇತರ ಫಲಕಕ್ಕೆ ಅವರ ಹೆಸರನ್ನೇ ಇಟ್ಟರು. ಪ್ರತಿ ವರ್ಷ ಗೆದ್ದವರು ಫಲಕ ಎತ್ತಿದಾಗ ಆ ಹೆಸರು ಉಚ್ಚಾರವಾಗುತ್ತದೆ.

ನಮ್ಮ ಫಲಕಗಳ ಹೆಸರುಗಳು

ಈಗ ನಮ್ಮ ಪಂದ್ಯಾವಳಿಗೆ ಬರೋಣ. ‘ಸಂತೋಷ್’ ಎಂಬುದನ್ನು ಆನಂದವೆಂಬ ಅರ್ಥದಲ್ಲಿ ತಿಳಿಯುವವರುಂಟು. ವಾಸ್ತವವಾಗಿ ಅದು ಒಂದು ಊರು. ಈಗಿನ ಬಾಂಗ್ಲಾದೇಶದ ಟಾಂಗೈಲ್ ಪ್ರಾಂತದ ಸಂತೋಷ್ ಎಂಬಲ್ಲಿಯ ಮಹಾರಾಜ ಸರ್ ಮನ್ಮಥನಾಥ ರಾಯ್ ಚೌಧುರಿ ಅವರು ಕಲ್ಕತ್ತೆಯ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ನಿನ ಅಧ್ಯಕ್ಷರಾಗಿದ್ದರು. 1939ರಲ್ಲಿ ಅವರು ನಿಧನರಾದ ಬಳಿಕ ಅವರ ನೆನಪಿಗೆ ಈ ಫಲಕ ಬಂತು. 1941ರಲ್ಲಿ ಪ್ರಾರಂಭವಾದ ಮೊದಲ ಪಂದ್ಯಾವಳಿಯನ್ನು ಬಂಗಾಳ ಗೆದ್ದಿತು. ಎರಡನೆಯ ಸ್ಥಾನದವರಿಗೆ ಕೊಡುವ ಫಲಕಕ್ಕೆ ಕಮಲಾ ಗುಪ್ತಾ ಎಂಬವರ ಹೆಸರು; ಅವರ ಪತಿ ಡಾ. ಎಸ್. ಕೆ. ಗುಪ್ತಾ ಅವರು ಪತ್ನಿಯ ಸ್ಮರಣೆಗಾಗಿ ಕೊಟ್ಟದ್ದು. ಮೂರನೆಯ ಸ್ಥಾನದ ಬಹುಮಾನದ ಹೆಸರು ಸಂಪಂಗಿ ಕಪ್. ಇದು ನಮ್ಮವರ ಕೊಡುಗೆ! ಸಂಪಂಗಿ ಎಂಬ ಹೆಸರಾಂತ ಮೈಸೂರು ಆಟಗಾರರ ನೆನಪಿಗಾಗಿ ಆಗಿನ ಮೈಸೂರು ಫುಟ್‌ಬಾಲ್ ಸಂಸ್ಥೆ ಅದನ್ನು ದಾನ ಮಾಡಿತು. ಅಮೆರಿಕದವರು ಲೊಂಬಾರ್ಡಿಯ ಹೆಸರನ್ನು ಫಲಕದ ಮೇಲೆ ಕೆತ್ತಿಸುವುದಕ್ಕೆ ಬಹಳ ಮೊದಲೇ ನಮ್ಮವರು ಒಬ್ಬ ಆಟಗಾರನನ್ನು ಹೀಗೆ ನೆನೆದಿದ್ದರು ಎಂಬುದು ಹೆಮ್ಮೆಯ ಮಾತು. ಆದರೆ ಲೊಂಬಾರ್ಡಿಯ ಮೇಲೆ ಪುಸ್ತಕಗಳು, ಚಲನಚಿತ್ರಗಳು ಬಂದಂತೆ ಸಂಪಂಗಿಯವರ ಮೇಲೆ ಬರಲಿಲ್ಲ.

ಮೈಸೂರಿನ ವಿಜಯಗಳು

ಬೆಂಗಳೂರಿಗೆ ಕಾಲ್ಚೆಂಡು ಬಂದದ್ದು ದಂಡಿನ ಜೊತೆಗೆ. ಕಂಟೋನ್ಮೆಂಟಿನ ಬ್ರಿಟಿಷ್ ಪಲ್ಟನ್ನುಗಳು ಆಡುವುದನ್ನು ನೋಡಿ ಸುತ್ತಲಿನ ಬಡ ಕೇರಿಗಳ ಹುಡುಗರು ಬರಿಗಾಲಿನಲ್ಲಿ ಆಡಲು ಕಲಿತರು. ಆ ಹುಡುಗರ ಮನೆಮಾತು ಕನ್ನಡ, ತಮಿಳು, ಉರ್ದು ಹೀಗೆ ಹಲವಾರು. ಅವರ ಶಕ್ತಿಯನ್ನು ಮೊದಲು ಕಂಡ ದೊಡ್ಡ ನಗರ ಮುಂಬಯಿಯೇ ಎಂಬುದು ಮಹಾರಾಷ್ಟ್ರದಲ್ಲಿರುವ ನಮಗೆ ವಿಶೇಷ. 1891ರಿಂದ ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ ಪಂದ್ಯಾವಳಿಯಲ್ಲಿ ಗೋರಾ ಪಲ್ಟನ್ನುಗಳದ್ದೇ ರಾಜ್ಯಭಾರವಾಗಿತ್ತು. ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಇಸವಿ 1937, ಸೋತವರು ಕಲ್ಕತ್ತೆಯ ಮಹಮ್ಮದನ್ ಸ್ಪೋರ್ಟಿಂಗ್. ಮರುವರ್ಷ ಬ್ರಿಟಿಷ್ ಸೈನ್ಯದ ಆರ್ಗೈಲ್ ಮತ್ತು ಸದರ್ಲೆಂಡ್ ಹೈಲ್ಯಾಂಡರ್ಸ್ ತಂಡವನ್ನೇ 3-2ರಿಂದ ಸೋಲಿಸಿ ಬೆಂಗಳೂರಿನವರು ಕಪ್ಪನ್ನು ಉಳಿಸಿಕೊಂಡರು.

ಸಂತೋಷ್ ಟ್ರೋಫಿಯಲ್ಲಿ ಮೈಸೂರು ನಾಲ್ಕು ಬಾರಿ ವಿಜಯಿಯಾಯಿತು. 1946-47ರಲ್ಲಿ ಬೆಂಗಳೂರಿನಲ್ಲಿ ನಡೆದ ಅಂತಿಮ ಪಂದ್ಯ ಮೊದಲು ಗೋಲಿಲ್ಲದೆ ಸಮವಾಗಿ, ಮತ್ತೆ ಆಡಿದಾಗ ಮೈಸೂರು 2-1ರಿಂದ ಗೆದ್ದಿತು. 1952-53ರಲ್ಲಿ ಮತ್ತೆ ಬೆಂಗಳೂರಿನಲ್ಲಿ 1-0. 1967-68ರಲ್ಲಿ ಕಟಕ್‌ನಲ್ಲಿ 1-0. 1968-69ರಲ್ಲಿ ಬೆಂಗಳೂರಿನಲ್ಲಿ ಸಮವಾದ ಬಳಿಕ ಮರುಪಂದ್ಯದಲ್ಲಿ 1-0. ನಾಲ್ಕು ಸಲವೂ ಸೋತದ್ದು ಒಂದೇ ತಂಡ. ಅದು ಬಂಗಾಳ, ಈ ದೇಶದ ಕಾಲ್ಚೆಂಡಿನ ಚಕ್ರವರ್ತಿ. 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಗೆದ್ದು ಬಂಗಾಳ ತನ್ನ ವಿಜಯಗಳ ಸಂಖ್ಯೆಯನ್ನು 33ಕ್ಕೆ ಏರಿಸಿಕೊಂಡಿತು. ಅಂಥವರನ್ನು ನಾಲ್ಕು ಅಂತಿಮ ಪಂದ್ಯಗಳಲ್ಲಿ ಸೋಲಿಸುವುದು ಸಣ್ಣ ಮಾತಲ್ಲ. ಬಂಗಾಳವೂ 1953-54, 1955-56, 1962-63ರ ಅಂತಿಮ ಪಂದ್ಯಗಳಲ್ಲಿ ಮೈಸೂರನ್ನು ಸೋಲಿಸಿ ಸೇಡು ತೀರಿಸಿಕೊಂಡಿತೆನ್ನಿ.

ಇಸವಿಗಳನ್ನು ಜೋಡಿಸಿ ನೋಡಿ. ಲಾಸ್ ಏಂಜಲೀಸ್‌ನಲ್ಲಿ ಖಾಲಿ ಕುರ್ಚಿಗಳ ನಡುವೆ ಮೊದಲ ಸೂಪರ್ ಬೌಲ್ ನಡೆದ ಬೆನ್ನಲ್ಲೇ ಮೈಸೂರು ಎರಡು ವರ್ಷ ಸಾಲಾಗಿ ಭಾರತದ ಚಾಂಪಿಯನ್ ಆಯಿತು. ಆ ದಿನಗಳಲ್ಲಿ ಎರಡೂ ಪಂದ್ಯಗಳು ಹೆಚ್ಚುಕಡಿಮೆ ಒಂದೇ ಮೆಟ್ಟಿಲ ಮೇಲಿದ್ದವು. ಜನಕ್ಕೆ ಪ್ರೀತಿಯಿತ್ತು, ಹಬ್ಬವಾಗುವುದು ಬಾಕಿಯಿತ್ತು.

ಆಟಗಾರರ ವಿಷಯವನ್ನೂ ಹೇಳಬೇಕು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಅಹಮದ್ ಖಾನ್, ಧನರಾಜ್, ಬಷೀರ್, ವರದರಾಜ್ ಮುಂತಾದ ಬೆಂಗಳೂರಿನ ಹೆಸರುಗಳಿದ್ದವು. ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋಗಿ ಹತ್ತು ವರ್ಷ ಆಡಿ, ಅಲ್ಲಿಯ ‘ಪಂಚಪಾಂಡವ’ರೆಂಬ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬರಾದರು, ಧನರಾಜ್ ಇನ್ನೊಬ್ಬರು. 1956ರ ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿದ್ದ ಕೆಂಪಯ್ಯನವರೂ ಬೆಂಗಳೂರಿನವರು. ಅವರು ಮೋಹನ್ ಬಾಗಾನಿನಲ್ಲಿ ಹೆಸರು ಮಾಡಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪರನಾಡಿನಲ್ಲಿ ಕೀರ್ತಿ ಗಳಿಸಿದವರು ಇವರು. ನಮ್ಮ ವಾಚಕರಿಗೆ ಈ ಬಾಳು ಬಿಡಿಸಿ ಹೇಳಬೇಕಾದುದಿಲ್ಲ. ಅಹಮದ್ ಖಾನರು 2017ರಲ್ಲಿ ಬೆಂಗಳೂರಿನಲ್ಲಿಯೇ ತೊಂಬತ್ತರ ವಯಸ್ಸಿನಲ್ಲಿ ಕಣ್ಮುಚ್ಚಿದರು.

ಹಿಂದೆ ಸರಿದದ್ದೇಕೆ?

1970-71ರಲ್ಲಿ ಮೈಸೂರು ಅಂತಿಮ ಪಂದ್ಯದಲ್ಲಿ ಪಂಜಾಬಿಗೆ ಸೋತಿತು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1975-76ರಲ್ಲಿ ಕಲ್ಲಿಕೋಟೆಯಲ್ಲಿ ಆ ಹೊಸ ಹೆಸರಿನಲ್ಲಿ ಅಂತಿಮ ಪಂದ್ಯ ಮುಟ್ಟಿ, ಬಂಗಾಳಕ್ಕೆ ಸೋತೆವು. ಆಮೇಲೆ ನಲವತ್ತೇಳು ವರ್ಷ ಅಂತಿಮ ಪಂದ್ಯದ ಮುಖ ಕಾಣಲಿಲ್ಲ.

ಕಾರಣಗಳು ಹಲವು. 1977ರಲ್ಲಿ ಫೆಡರೇಷನ್ ಕಪ್, 1996ರಲ್ಲಿ ರಾಷ್ಟ್ರೀಯ ಲೀಗ್, 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದಂತೆಲ್ಲ ಹೆಸರಾಂತ ಆಟಗಾರರು ಕ್ಲಬ್ಬುಗಳ ಪಾಲಾದರು. ರಾಜ್ಯಗಳ ಪಂದ್ಯಾವಳಿ ಎರಡನೆಯ ಸಾಲಿನವರದಾಯಿತು. ಬೆಂಗಳೂರಿನಲ್ಲಿ ಐ.ಟಿ.ಐ., ಎಚ್.ಎ.ಎಲ್. ಮೊದಲಾದ ಸರ್ಕಾರಿ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಬೆಳಿಗ್ಗೆ ಅಭ್ಯಾಸ, ಆಮೇಲೆ ಹಾಜರಿ ಪುಸ್ತಕಕ್ಕೆ ಸಹಿ, ತಿಂಗಳ ಕೊನೆಗೆ ಸಂಬಳ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಆ ಹುದ್ದೆಯ ಬೆಲೆ ಗೊತ್ತು. ಬಡವರ ಮನೆಯ ಆಟಗಾರನಿಗೆ ಅದೇ ಆಸರೆ. ಕಾರ್ಖಾನೆಗಳ ನೇಮಕಾತಿ ಕುಗ್ಗಿದಂತೆ ಆ ಆಸರೆಯೂ ಕುಗ್ಗಿತು. ಇನ್ನು 1983ರಲ್ಲಿ ಭಾರತವು ಕ್ರಿಕೆಟ್ಟಿನ ವಿಶ್ವಕಪ್ ಗೆದ್ದ ಮೇಲೆ ದೂರದರ್ಶನದ ಕಣ್ಣೆಲ್ಲ ಅತ್ತಲೇ ಹೊರಳಿತು.

ಕಾಲ್ಚೆಂಡಿನ ಪ್ರೀತಿ ಬತ್ತಿತೆಂದಲ್ಲ. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ. 2019ರ ಮಾರ್ಚ್ 17ರಂದು ನಮ್ಮ ಮುಂಬಯಿಯ ಮೈದಾನದಲ್ಲಿಯೇ ಗೋವೆಯ ತಂಡವನ್ನು 1-0ಯಿಂದ ಸೋಲಿಸಿ ಸೂಪರ್ ಲೀಗ್ ಗೆದ್ದಿತು. ಆದರೆ ಕ್ಲಬ್ಬಿನ ಗೆಲುವು ಬೇರೆ, ರಾಜ್ಯದ ಹೆಸರಿನ ಗೆಲುವು ಬೇರೆ.

ರಿಯಾದಿನ ಸಂಜೆ

2023ರಲ್ಲಿ ಸಂತೋಷ್ ಟ್ರೋಫಿಯ ಕೊನೆಯ ಸುತ್ತು ಭುವನೇಶ್ವರದಲ್ಲಿ ನಡೆದು, ಉಪಾಂತ್ಯ ಹಾಗೂ ಅಂತಿಮ ಪಂದ್ಯಗಳನ್ನು ಮಾತ್ರ ರಿಯಾದಿಗೆ ಒಯ್ದರು. ಈ ಪಂದ್ಯಾವಳಿ ದೇಶದ ಗಡಿ ದಾಟಿದ್ದು ಅದೇ ಮೊದಲು. ಉಪಾಂತ್ಯದಲ್ಲಿ ಕರ್ನಾಟಕ ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿತು. ಅಂತಿಮ ಪಂದ್ಯದ ಆರಂಭದಲ್ಲಿಯೇ ಸುನೀಲ್ ಕುಮಾರ್ ಗೋಲು ಹೊಡೆದರು. ಮೇಘಾಲಯ ಪೆನಾಲ್ಟಿಯಿಂದ ಸಮ ಮಾಡಿತು. ಬೇಕೆ ಓರಾಮ್ ಎರಡನೆಯ ಗೋಲು ಸೇರಿಸಿದರು. ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಫ್ರೀ ಕಿಕ್ಕಿನಿಂದ ಮೂರನೆಯದನ್ನು ಹೊಡೆದರು. ಉತ್ತರಾರ್ಧದಲ್ಲಿ ಮೇಘಾಲಯ ಇನ್ನೊಂದು ಗೋಲು ಮರಳಿಸಿದರೂ ಕರ್ನಾಟಕ ಕೊನೆಯವರೆಗೆ ತಡೆದು ನಿಂತಿತು. ತರಬೇತುದಾರರು ರವಿಬಾಬು ರಾಜು.

ಇಲ್ಲಿ ಎರಡು ಅಂಶಗಳನ್ನು ವಾಚಕರು ಗಮನಿಸಬೇಕು. ಮೊದಲಿನ ನಾಲ್ಕು ವಿಜಯಗಳು ಮೈಸೂರು ಎಂಬ ಹೆಸರಿನಲ್ಲಿ ಬಂದವು. ಕರ್ನಾಟಕ ಎಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿ ಬಂದದ್ದು ಇದೇ ಪ್ರಥಮ. ಅದೂ ನಾಡಿಗೆ ಆ ಹೆಸರು ಬಂದು ಐವತ್ತು ವರ್ಷ ತುಂಬುವ ಇಸವಿಯಲ್ಲಿ. ಎರಡನೆಯದು, ಆ ಹೆಸರು ಮೊದಲ ಬಾರಿ ವಿಜಯಿಯೆಂದು ಘೋಷಿತವಾದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ, ಹುಬ್ಬಳ್ಳಿಯಲ್ಲಲ್ಲ. ಕರಾವಳಿಯಿಂದ ಹೋದ ಎಷ್ಟೋ ಕುಟುಂಬಗಳು ದುಡಿಮೆಗಾಗಿ ನೆಲೆಸಿದ ಕೊಲ್ಲಿಯ ನಾಡಿನಲ್ಲಿ. ಪರಸ್ಥಳದ ಕನ್ನಡಿಗರ ಪಾಲಿಗೆ ಬಂದ ಗೆಲುವೆಂದರೆ ಇದಕ್ಕಿಂತ ಬೇರೆ ಬೇಕೇ? ಗೋಲು ಹೊಡೆದ ಮೂವರ ಹೆಸರುಗಳನ್ನು ನೋಡಿ, ಇವರು ಕನ್ನಡಿಗರೇ ಎಂದು ಮೂಗು ಮುರಿಯುವವರೂ ಇದ್ದಾರು. ಅಂಥವರಿಗೆ 1946ರ ಮೈಸೂರನ್ನು ತೋರಿಸಬೇಕು. ಅಂದಿನ ತಂಡವೂ ಹಲವು ಭಾಷೆಗಳ ಕೇರಿಗಳಿಂದಲೇ ಬಂದದ್ದು. ನೆಲೆಸಿದ ನಾಡಿಗಾಗಿ ಬೆವರು ಸುರಿಸಿದವನು ಆ ನಾಡಿನವನೇ. ಇದನ್ನು ಒಪ್ಪದಿದ್ದರೆ ಮಹಾರಾಷ್ಟ್ರದಲ್ಲಿ ನಮ್ಮ ಮಕ್ಕಳ ಗತಿಯೇನು?

ನಮ್ಮದು ಯಾವ ತಂಡ?

ಈ ಪ್ರಶ್ನೆ ನಮ್ಮ ಊರಿಗೆ ಹಳೆಯದು. ಚಿಕಲಠಾಣಾದ ವಿಮಾನ ನಿಲ್ದಾಣ, ಕೈಗಾರಿಕಾ ವಸಾಹತುಗಳನ್ನು ಕಾಣುವವರಿಗೆ ಈ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತೆಂಬುದು ಥಟ್ಟನೆ ಹೊಳೆಯದು. ಬೀದರ, ಕಲಬುರಗಿ, ರಾಯಚೂರುಗಳೂ ಅದೇ ಹೈದರಾಬಾದ್ ಸಂಸ್ಥಾನದವು. 1956ರ ನವೆಂಬರ್ 1ರಂದು ಮರಾಠವಾಡದ ಐದು ಜಿಲ್ಲೆಗಳು ಮುಂಬಯಿ ರಾಜ್ಯಕ್ಕೂ, ಆ ಮೂರು ಜಿಲ್ಲೆಗಳು ಮೈಸೂರಿಗೂ ಸೇರಿದವು. ಇಂದಿಗೂ ಸೆಪ್ಟೆಂಬರ್ 17ರಂದು ಇಲ್ಲಿಯೂ ಅಲ್ಲಿಯೂ ಒಂದೇ ವಿಮೋಚನೆಯ ನೆನಪಿಗೆ ಧ್ವಜ ಏರುತ್ತದೆ. ರಾಜ್ಯಗಳು ಹಂಚಿಹೋದ ಅದೇ 1956-57ರ ಋತುವಿನಲ್ಲಿ ಸಂತೋಷ್ ಟ್ರೋಫಿ ಗೆದ್ದದ್ದು ಹೈದರಾಬಾದ್ ತಂಡ, ಸೋತದ್ದು ಮುಂಬಯಿ. ಮರುವರ್ಷವೂ ಅದೇ ಗೆದ್ದಿತು, ಅದೇ ಸೋತಿತು. ಹಾಗಾದರೆ ಆ ಎರಡು ವರ್ಷ ಔರಂಗಾಬಾದಿನವನು ಚಪ್ಪಾಳೆ ತಟ್ಟಬೇಕಾದದ್ದು ಹಳೆಯ ರಾಜ್ಯಕ್ಕೋ ಹೊಸ ರಾಜ್ಯಕ್ಕೋ? ಊರಿಗೆ ಈಗ ಛತ್ರಪತಿ ಸಂಭಾಜಿನಗರವೆಂಬ ಹೆಸರು ಬಂದಿದೆ. ಪ್ರಶ್ನೆ ಹಾಗೆಯೇ ಇದೆ.

ನಮ್ಮ ಅಭಿಪ್ರಾಯದಲ್ಲಿ ಇಬ್ಬರಿಗೂ ತಟ್ಟಬಹುದು. 1948ರ ಲಂಡನ್ ಒಲಿಂಪಿಕ್ ತಂಡದ ಗೋಲ್‌ಕೀಪರುಗಳು ಇಬ್ಬರು. ಒಬ್ಬರು ಆಗಲೇ ಹೇಳಿದ ವರದರಾಜ್. ಇನ್ನೊಬ್ಬರು ಮುಂಬಯಿಯ ಆಟಗಾರ ಸಂಜೀವ ಉಚ್ಚಿಲ್. ಆ ಅಡ್ಡಹೆಸರು ನಮ್ಮ ಕರಾವಳಿಯದೆಂದು ಯಾರಿಗಾದರೂ ತಿಳಿಯುತ್ತದೆ. ಅವರನ್ನು ಮುಂಬಯಿಯೂ ನಮ್ಮವರೆಂದಿತು, ಕರಾವಳಿಯೂ ಅನ್ನಬಹುದು. ನಾಳೆ ನಮ್ಮ ಕಾಲೋನಿಯ ಹುಡುಗನೊಬ್ಬ ಮಹಾರಾಷ್ಟ್ರದ ಅಂಗಿ ತೊಟ್ಟು ಕರ್ನಾಟಕದ ಎದುರು ಆಡಿದರೆ, ಆ ಮನೆಯಲ್ಲಿ ಸೋಲು ಯಾರದಾದರೂ ಪಾಯಸ ತಪ್ಪದು.

ಅಂತಿಮ ಪಂದ್ಯವು ಮೈದಾನದಲ್ಲಿ ಒಂದು ಸಲ ನಡೆಯುತ್ತದೆ. ಮನೆಗಳಲ್ಲಿ ಹೇಳುವವರಿದ್ದರೆ ವರ್ಷವರ್ಷವೂ ನಡೆಯುತ್ತದೆ. ಅಮೆರಿಕದವರು ಈ ಎರಡನೆಯ ಕೆಲಸವನ್ನು ಸ್ವಲ್ಪ ತಡವಾಗಿ ಆರಂಭಿಸಿದರೂ ಬಿಡದೆ ಮಾಡಿದರು. ನಮ್ಮಲ್ಲಿ ಅದಕ್ಕೆ ಕೋಟಿ ಡಾಲರ್ ಬೇಕಾಗಿಲ್ಲ. 1968-69ರ ಮರುಪಂದ್ಯವನ್ನು ಬೆಂಗಳೂರಿನಲ್ಲಿ ಕಂಡ ಹದಿನೈದರ ಹುಡುಗರು ಈಗ ಎಪ್ಪತ್ತು ದಾಟಿದ್ದಾರೆ. ಅವರಲ್ಲಿ ಕೆಲವರು ಮಕ್ಕಳ ಜೊತೆಗೆ ಮುಂಬಯಿ, ಪುಣೆ, ನಾಸಿಕ, ಸಂಭಾಜಿನಗರಗಳಿಗೆ ಬಂದು ನೆಲೆಸಿರಬಹುದು. ಐ.ಟಿ.ಐ., ಎಚ್.ಎ.ಎಲ್. ತಂಡಗಳ ಜೊತೆ ಕೆಲಸ ಮಾಡಿ ನಿವೃತ್ತರಾದವರೂ ಇರಬಹುದು. ಅಂಥವರು ತಾವು ಕಂಡದ್ದನ್ನು, ಆ ಗೋಲು ಹೇಗೆ ಬಂತು, ಗ್ಯಾಲರಿಯಲ್ಲಿ ಯಾರ ಹೆಸರನ್ನು ಕೂಗುತ್ತಿದ್ದರು, ಪಂದ್ಯ ಮುಗಿದ ಮೇಲೆ ಜನ ಎಲ್ಲಿಗೆ ಮೆರವಣಿಗೆ ಹೋದರು ಎಂಬುದನ್ನು, ಅರ್ಧ ಪುಟವಾದರೂ ಬರೆದುಕೊಡಲಿ. ಬರೆಯಲು ಕೈ ನಡುಗುವವರು ಹೇಳಲಿ. ಮನೆಯ ಮಕ್ಕಳು ಬರೆದುಕೊಳ್ಳಲಿ. ರಿಯಾದಿನಲ್ಲಿ ನೆಂಟರಿರುವವರು ಮಾರ್ಚ್ 4ರ ಆ ಸಂಜೆ ಅಲ್ಲಿ ಯಾರಾದರೂ ಗ್ಯಾಲರಿಯಲ್ಲಿದ್ದರೋ ಎಂದು ಕೇಳಿ ತಿಳಿದುಕೊಳ್ಳಲಿ. ನಮ್ಮ ಸಂಘಗಳು ರಾಜ್ಯೋತ್ಸವದ ದಿನ ಹಾಡು, ನಾಟಕಗಳ ಜೊತೆಗೆ ಹತ್ತು ನಿಮಿಷ ಇದಕ್ಕೆ ಮೀಸಲಿಟ್ಟರೆ ಕಾರ್ಯಕ್ರಮ ಕೆಡುವುದಿಲ್ಲ.

ಇಲ್ಲಿಯ ಮಕ್ಕಳಿಗೆ ಸೂಪರ್ ಬೌಲ್ ಗೊತ್ತಿರುವುದರಲ್ಲಿ ತಪ್ಪೇನೂ ಇಲ್ಲ. ಅದರ ಜೊತೆಗೆ ಸಂಪಂಗಿ ಕಪ್ಪಿನ ಸಂಪಂಗಿ ಎಲ್ಲಿಯವರು, ಕೆಂಪಯ್ಯ ಯಾರು, ಕರ್ನಾಟಕ ಎಂಬ ಹೆಸರು ಮೊದಲು ಗೆದ್ದದ್ದು ಯಾವ ಊರಿನಲ್ಲಿ ಎಂಬುದೂ ಗೊತ್ತಿರಲಿ. ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.